ಝೂಮ್ ಮಾಡಿದರೂ ಗುಂಡು ಚದುರುವುದೇಕೆ? ಡೂಮ್ ಮಾಡ್‌ನಲ್ಲಿ ಬಂದೂಕು ಸರಿಪಡಿಸುವ ಬಗೆ

ವಿಜಯಪುರ ರೈಲು ನಿಲ್ದಾಣದ ಹತ್ತಿರ ನಿಂತು ದುರ್ಬೀನು ಹಿಡಿದರೆ ಗೋಳಗುಮ್ಮಟ ಕೈಗೆಟುಕುವಂತೆ ಕಾಣುತ್ತದೆ, ನಡೆಯಬೇಕಾದ ದಾರಿ ಮಾತ್ರ ಅಷ್ಟೇ ಇರುತ್ತದೆ. ‘ಡೂಮ್’ ಎಂಬ ಗುಂಡು ಹಾರಿಸುವ ಕಂಪ್ಯೂಟರ್ ಆಟವನ್ನೂ ಅದರ ಮಾಡ್‌ಗಳನ್ನೂ (ಆಟಗಾರರೇ ಮಾಡುವ ಮಾರ್ಪಾಡು) ಓಡಿಸುವ ಜಿಝಡ್‌ಡೂಮ್ ಎಂಜಿನ್ನಿನ ಝೂಮ್ ಕೂಡ ಹೀಗೆಯೇ. ಝೂಮ್ ಮಾಡುವ ಆದೇಶ ಎ_ಝೂಮ್‌ಫ್ಯಾಕ್ಟರ್ ಬದಲಿಸುವುದು ನೋಟದ ಕೋನವನ್ನು; ಗುಂಡು ಚದುರುವ ಕೋನ ಗುಂಡು ಹಾರಿಸುವ ಆದೇಶವಾದ ಎ_ಫೈರ್‌ಬುಲೆಟ್ಸ್‌ನ ಮೊದಲೆರಡು ಅಂಕಿಗಳಲ್ಲಿದೆ. ಒಂದಕ್ಕೆ ಇನ್ನೊಂದರ ಸುದ್ದಿಯೇ ತಿಳಿಯದು.

ಮೊದಲು ಲೆಕ್ಕ ನೋಡಿ. 1993ರ ಮೂಲ ಡೂಮ್‌ನ ಪಿಸ್ತೂಲು ಅಡ್ಡಡ್ಡಲಾಗಿ 5.6 ಡಿಗ್ರಿವರೆಗೆ ಚದುರುತ್ತದೆ. 1024 ಯೂನಿಟ್ (ಆಟದೊಳಗಿನ ಅಳತೆ) ದೂರದಲ್ಲಿ ಅದು ಎರಡೂ ಬದಿಗೆ ಸುಮಾರು 100 ಯೂನಿಟ್. ಎದುರಿನ ಶತ್ರು ಝಾಂಬಿಮ್ಯಾನ್‌ನ ಅಗಲವೋ ಬರೀ 40. ಚದುರಿಕೆಯನ್ನು 0.5 ಡಿಗ್ರಿಗೆ ಇಳಿಸಿದರೆ ಗುಂಡು 9 ಯೂನಿಟ್‌ಗಿಂತ ಆಚೀಚೆ ಹೋಗದು, ಪ್ರತಿ ಗುಂಡೂ ಬಡಿಯುತ್ತದೆ. ಝೂಮ್ 4 ಎಂದು ಕೊಟ್ಟರೆ 90 ಡಿಗ್ರಿಯ ನೋಟ 22.5ಕ್ಕೆ ಇಳಿಯುತ್ತದೆ, ಪರದೆಯ ನಡುವೆ ಚಿತ್ರ ಸುಮಾರು 5 ಪಟ್ಟು ದೊಡ್ಡದಾಗುತ್ತದೆ. ಚದುರಿಕೆಯೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುವುದರಿಂದ, ಸ್ಕೋಪ್ ಹಾಕಿದ ಮೇಲೆ ಬಂದೂಕು ಇನ್ನಷ್ಟು ಕೆಟ್ಟಿತು ಅನ್ನಿಸುತ್ತದೆ.

ಬೇಕಾಗುವುದು ಜಿಝಡ್‌ಡೂಮ್, ಮಾಡ್‌ನ ಕಡತ ತಿದ್ದುವ ಸ್ಲೇಡ್ ಎಡಿಟರ್, ಮತ್ತು ಡೂಮ್‌ನ ಬದಲಿಗೆ ಉಚಿತವಾಗಿ ಸಿಗುವ ಆಟ ಫ್ರೀಡೂಮ್. ಝೂಮ್ ಸ್ಥಿತಿ ನೆನಪಿಡಲು ಇನ್ವೆಂಟರಿ (ಆಟಗಾರನ ಬಳಿ ಇರುವ ವಸ್ತುಗಳ) ವರ್ಗದಿಂದ ಒಂದು ಟೋಕನ್, ಅಂದರೆ ಗುರುತಿನ ವಸ್ತು, ಮಾಡಿ, ಹೆಸರು ‘ಝೂಮ್‌ಆನ್’ ಅಂದುಕೊಳ್ಳಿ. ಆಲ್ಟ್‌ಫೈರ್ ಸ್ಟೇಟ್‌ನಲ್ಲಿ (ಮೌಸ್‌ನ ಬಲಗುಂಡಿ ಒತ್ತಿದಾಗ ನಡೆಯುವ ಕೋಡ್ ಭಾಗ) ಟೋಕನ್ ಇಲ್ಲದಿದ್ದರೆ ಅದನ್ನು ಕೊಟ್ಟು ಝೂಮ್ 4 ಮಾಡಿ, ಇದ್ದರೆ ಕಿತ್ತುಕೊಂಡು ಝೂಮ್ 1ಕ್ಕೆ ತನ್ನಿ. ಗುಂಡು ಹಾರಿಸುವ ಫೈರ್ ಸ್ಟೇಟ್‌ನ ಮೊದಲ ಸಾಲಿನಲ್ಲೇ ಎ_ಜಂಪ್‌ಇಫ್‌ಇನ್ವೆಂಟರಿ ಇಡಿ: ಟೋಕನ್ ಇದ್ದರೆ 0.5ರ ಚದುರಿಕೆಯಿರುವ ಇನ್ನೊಂದು ಸ್ಟೇಟ್‌ಗೆ ಹಾರಲಿ, ಇಲ್ಲದಿದ್ದರೆ 5.6 ಇರಲಿ.

ಹೆಚ್ಚಿನವರು ಎಡವುವುದು ಬಂದೂಕು ಕೆಳಗಿಡುವ ಡಿಸೆಲೆಕ್ಟ್ ಸ್ಟೇಟ್‌ನಲ್ಲಿ. ಬಂದೂಕು ಬದಲಿಸುವಾಗ ಝೂಮ್ ಮಾತ್ರ 1ಕ್ಕೆ ತಂದು ಟೋಕನ್ ತೆಗೆಯದಿದ್ದರೆ, ಮತ್ತೆ ಆ ಬಂದೂಕು ಹಿಡಿದಾಗ ಸ್ಕೋಪಿಲ್ಲದೆಯೂ ಗುಂಡು ಸೂಜಿಯಂತೆ ನೇರ ಹೋಗುತ್ತದೆ. ಎರಡನ್ನೂ ಬಂದೂಕನ್ನು ಇಳಿಸುವ ಎ_ಲೋವರ್ ಆದೇಶಕ್ಕಿಂತ ಮುಂಚೆಯೇ ಬರೆಯಿರಿ. ಇನ್ನೊಂದು ತೊಂದರೆ: ಬಲಗುಂಡಿ ಒತ್ತಿಯೇ ಹಿಡಿದರೆ ಝೂಮ್ ಆಗುತ್ತ ಹೋಗುತ್ತ ಪರದೆ ಕುಣಿಯುತ್ತದೆ. ಬಂದೂಕಿಗೆ ನೋಆಟೋಫೈರ್ ಫ್ಲ್ಯಾಗ್ (ಗುಣ ಸೂಚಿಸುವ ಗುರುತು) ಹಾಕಿದರೆ ನಿಲ್ಲುತ್ತದೆ, ಆದರೆ ಫೈರ್ ಸ್ಟೇಟ್‌ನಲ್ಲಿ ಮತ್ತೆ ಹೊಡೆಸುವ ಎ_ರೀಫೈರ್ ಇಲ್ಲದಿದ್ದರೆ ಎಡಗುಂಡಿ ಹಿಡಿದು ಸತತ ಹೊಡೆಯುವುದೂ ನಿಲ್ಲುತ್ತದೆ. ಸ್ನೈಪರ್‌ಗೆ ಅದೇ ಸರಿ, ಮಷಿನ್‌ಗನ್‌ಗೆ ಎ_ರೀಫೈರ್ ಇರಲಿ.

ಎ_ಫೈರ್‌ಬುಲೆಟ್ಸ್‌ನ ಮೂರನೆಯ ಅಂಕಿಯನ್ನು (ಗುಂಡುಗಳ ಸಂಖ್ಯೆ) ಕಡೆಗಣಿಸಬೇಡಿ. ಅಲ್ಲಿ 1 ಇದ್ದರೆ, ಬಿಟ್ಟು ಬಿಟ್ಟು ಹೊಡೆದಾಗ ಪ್ರತಿ ಬಾರಿಯ ಮೊದಲ ಗುಂಡು ಝೂಮ್ ಇರಲಿ ಬಿಡಲಿ ಚದುರದೆ ಹೋಗುತ್ತದೆ. ಸತತವಾಗಿ ಹೊಡೆದಾಗ ಮಾತ್ರ ಚದುರಿಕೆ ಶುರು. ಝೂಮ್ ಕೋಡ್ ಕೆಲಸ ಮಾಡುತ್ತಿದೆ ಎಂದು ಮೋಸಹೋಗುವುದು ಇಲ್ಲೇ. ಅದನ್ನು -1 ಮಾಡಿದರೆ ಮೊದಲ ಗುಂಡೂ ಚದುರುತ್ತದೆ.

ಪರೀಕ್ಷೆಗೆ ಮುನ್ನ ಪ್ಲೇಯರ್ ಸೆಟಪ್‌ನಲ್ಲಿ ಆಟೋಏಮ್ ಪೂರ್ತಿ ಆರಿಸಿ, ಇಲ್ಲವಾದರೆ ಎಂಜಿನ್ನೇ ಗುಂಡನ್ನು ಮೇಲೆ ಕೆಳಗೆ ತಿರುಗಿಸಿ ಗುರಿ ಸೇರಿಸುತ್ತದೆ. 1024 ಯೂನಿಟ್ ದೂರದ ಖಾಲಿ ಗೋಡೆಗೆ ಝೂಮ್ ಇಲ್ಲದೆ 20, ಝೂಮ್‌ನಲ್ಲಿ 20 ಗುಂಡು ಹೊಡೆದು, ಹತ್ತಿರ ಹೋಗಿ ಗುರುತುಗಳನ್ನು ನೋಡಿ. ಗುಂಡುಗಳು ನಡುವೆ ದಟ್ಟವಾಗಿ, ಅಂಚಿನಲ್ಲಿ ವಿರಳವಾಗಿ ಬೀಳುವುದು ಎಂಜಿನ್ನಿನ ಸಹಜ ಗುಣ, ಅದನ್ನು ದೋಷವೆಂದು ತಿದ್ದಲು ಹೋಗಬೇಡಿ. ಎರಡು ಗುಂಪುಗಳ ಅಗಲ ಒಂದೇ ಇದ್ದರೆ ಟೋಕನ್ ಹೆಸರಿನ ಅಕ್ಷರ ತಪ್ಪಿದೆಯೇ ಎಂದು ಮೊದಲು ನೋಡಿ.