ತಿಂಗಳ ಕೊನೆಯ ದಿನದ ಸಾಲುಗಳು ಡೇಟಾಬೇಸ್ ಕ್ವೆರಿಯಲ್ಲಿ (ಮಾಹಿತಿ ಕೇಳುವ ಆದೇಶದಲ್ಲಿ) ಯಾಕೆ ತಪ್ಪಿಹೋಗುತ್ತವೆ?

ಜನವರಿಯ ಲೆಕ್ಕಕ್ಕೆಂದು '2024-01-01' ಮತ್ತು '2024-01-31'ರ ನಡುವೆ ಬಿಟ್ವೀನ್ ಷರತ್ತು ಹಾಕಿದರೆ 31ರ ಸಾಲುಗಳು ಬಹುತೇಕ ಬರುವುದೇ ಇಲ್ಲ. ಕಾಲಂ ಡೇಟ್‌ಟೈಮ್ (ದಿನಾಂಕದ ಜೊತೆ ಸಮಯವನ್ನೂ ಇಡುವ ಬಗೆ) ಆಗಿದ್ದಾಗ '2024-01-31' ಎಂದರೆ ಅಂದಿನ 00:00:00. ಬೆಳಿಗ್ಗೆ 9:15ಕ್ಕೆ ಸೇರಿದ ಸಾಲು ಅದರಾಚೆ ಉಳಿಯುತ್ತದೆ. ಕೆಲವರು 23:59:59 ಸೇರಿಸುತ್ತಾರೆ. ಅದು ತೇಪೆ ಅಷ್ಟೇ. ಮಿಲಿಸೆಕೆಂಡ್ ಇರುವ ಕಾಲಂನಲ್ಲಿ 23:59:59.500 ಮತ್ತೆ ಕೈತಪ್ಪುತ್ತದೆ. ಷರತ್ತು ಹೀಗಿರಲಿ:

ದಿನಾಂಕ >= '2024-01-01' ಅಂಡ್ ದಿನಾಂಕ < '2024-02-01'

ಫೆಬ್ರವರಿಗೆ 28 ದಿನವೋ 29 ದಿನವೋ ಎಂಬ ತಲೆನೋವೂ ಇಲ್ಲ. ಇದರ ಬದಲು ಕಾಲಂಗೆ ಇಯರ್(), ಮಂತ್() ಫಂಕ್ಷನ್ ಸುತ್ತಿದರೆ ಅದರ ಮೇಲಿನ ಸಾಮಾನ್ಯ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಉಪಯೋಗಕ್ಕೆ ಬರುವುದಿಲ್ಲ. ಕ್ವೆರಿ ಹೇಗೆ ನಡೆಯುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಓಡಿಸಿದರೆ ಗೊತ್ತಾಗುತ್ತದೆ.

ಇನ್ನು ದಿನಾಂಕ, ಸಮಯ ತೋರಿಸುವ ಫಾರ್ಮ್ಯಾಟ್. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಡೇಟ್_ಫಾರ್ಮ್ಯಾಟ್‌ನಲ್ಲಿ ಸಣ್ಣಕ್ಷರದ %ಎಂ ತಿಂಗಳ ಸಂಖ್ಯೆ, ದೊಡ್ಡಕ್ಷರದ್ದು ತಿಂಗಳ ಹೆಸರು. ನಿಮಿಷಕ್ಕೆ ಸಣ್ಣಕ್ಷರದ %ಐ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಟು_ಚಾರ್‌ನಲ್ಲಿ ತಿಂಗಳಿಗೆ ಎಂಎಂ, ನಿಮಿಷಕ್ಕೆ ಎಂಐ. ಮಾರ್ಚ್ ಪೂರ್ತಿ ಎಲ್ಲ ಸಮಯವೂ 10:03, 11:03, 12:03 ಎಂದೇ ಕಂಡರೆ ಎಡವಟ್ಟು ಇಲ್ಲೇ ಆಗಿರುತ್ತದೆ: ನಿಮಿಷದ ಜಾಗದಲ್ಲಿ ತಿಂಗಳ ಗುರುತು ಬಿದ್ದಿರುತ್ತದೆ.

ದಿನಾಂಕವನ್ನು ಪಠ್ಯವಾಗಿ ಇಡಲೇಬೇಡಿ: ವಿಂಗಡಿಸಿದಾಗ '05-12-2023' ಬಂದು '10-01-2022'ಕ್ಕಿಂತ ಮೊದಲೇ ಕೂರುತ್ತದೆ.