ಕ್ಲಚ್ ಪೆಡಲ್ ಮೇಲೆ ಬರುತ್ತಿಲ್ವಾ? ಮೊದಲು ಒಂದು ಪಿನ್ ಬಿಚ್ಚಿ

ನನ್ನ ಹಳೇ ಕಾರಿನ ಕ್ಲಚ್ ಪೆಡಲ್ ಒಂದು ದಿನ ಒತ್ತಿದ ಹಾಗೇ ಕೆಳಗೇ ಕೂತುಬಿಟ್ಟಿತು. ಶೂ ತುದಿಯನ್ನು ಹಿಂದೆ ತೂರಿಸಿ ಎತ್ತಿದರೆ ಮೇಲೆ ಬರುತ್ತಿತ್ತು. ಹಾಗೇ ಎರಡು ವಾರ ಓಡಿಸಿದೆ. ಆಮೇಲೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಕ್ಲಚ್ ಕಡೆಗೆ ದ್ರವ ತಳ್ಳುವ ಭಾಗ) ಹೋಗಿದೆ ಅಂತ ನಾನೇ ತೀರ್ಮಾನ ಮಾಡಿ ಹೊಸದು ತರಿಸಿದೆ. ಎರಡು ಭಾನುವಾರ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ, ಕೈ ತರಚಿಕೊಂಡು ಅದನ್ನು ಹಾಕಿದೆ. ಪೆಡಲ್ ಮತ್ತೆ ಕೆಳಗೇ ಕೂತಿತು!

ತೊಂದರೆ ಇದ್ದದ್ದು ಪೆಡಲ್ ತೂಗುವ ಶಾಫ್ಟ್‌ನಲ್ಲಿ. ಶಾಫ್ಟ್ ಸುತ್ತ ಬಳೆಯ ಹಾಗಿರುವ ಬುಷ್ ಒಳಗಿನ ಗ್ರೀಸ್ ಒಣಗಿ ಮೇಣದ ಹಾಗಾಗಿತ್ತು. ಒಂದು ಪಿನ್ ಬಿಚ್ಚಿ ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಹಾಗಾಗಿ ಸಾಮಾನು ತರುವ ಮೊದಲು, ಅಂಟಿಕೊಂಡಿರುವುದು ಎಲ್ಲಿ ಅಂತ ಹುಡುಕಿ. ಎಂಜಿನ್ ಆಫ್ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಅಡ್ಡ ಕೊಟ್ಟಿರಲಿ. ಕಾರಿನ ಕೆಳಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ.

ಮೊದಲು ಕಾಲ ಬಳಿಯ ಮ್ಯಾಟ್ ತೆಗೆದು ನೋಡಿ. ನಗಬೇಡಿ, ಮ್ಯಾಟ್ ಅಂಚು ಪೆಡಲ್‌ಗೆ ಸಿಕ್ಕಿಕೊಳ್ಳುವುದು ನಿಜಕ್ಕೂ ಇದೆ. ರಿಟರ್ನ್ ಸ್ಪ್ರಿಂಗ್ ಇದೆಯಾ, ಕೊಕ್ಕೆ ಕಳಚಿದೆಯಾ ಅಂತಲೂ ಟಾರ್ಚ್ ಹಿಡಿದು ನೋಡಿ.

ಈಗ ಆ ಪಿನ್. ಪೆಡಲ್ ತೋಳನ್ನು ಪುಶ್ ರಾಡ್‌ಗೋ (ಮಾಸ್ಟರ್ ಸಿಲಿಂಡರನ್ನು ಒತ್ತುವ ಕಡ್ಡಿ) ಕೇಬಲ್‌ಗೋ ಸೇರಿಸುವ ಪಿನ್ ಇರುತ್ತದೆ. ಅದು ಜಾರದಂತೆ ತುದಿಯಲ್ಲಿ ಬಾಗಿಸಿ ಹಾಕಿರುವ ಸಣ್ಣ ಸ್ಪ್ಲಿಟ್ ಪಿನ್ ತೆಗೆದು, ದೊಡ್ಡ ಪಿನ್ನನ್ನು ಹೊರಗೆ ಎಳೆಯಿರಿ. ಸ್ಪ್ರಿಂಗನ್ನೂ ಕಳಚಿ. ಈಗ ಪೆಡಲ್ ಒಂಟಿ. ಅದನ್ನು ಕೈಯಲ್ಲಿ ಆಡಿಸಿ. ಒಂದೇ ಬೆರಳಿಗೆ ಸಲೀಸಾಗಿ ಆಡಬೇಕು. ಬಿಗಿ ಇದ್ದರೆ ಕಳ್ಳ ಸಿಕ್ಕ: ಶಾಫ್ಟ್ ಬಿಚ್ಚಿ, ತುಕ್ಕು ಒರೆಸಿ, ಹೊಸ ಗ್ರೀಸ್ ಹಾಕಿ, ಬುಷ್ ಸವೆದಿದ್ದರೆ ಬದಲಾಯಿಸಿ. ಮೇಲಿಂದ ಸ್ಪ್ರೇ ಹೊಡೆದರೆ ಸಾಲದು. ನಾನು ಅದನ್ನೂ ಮಾಡಿ ನೋಡಿದ್ದೆ, ಒಂದು ವಾರ ಸರಿಯಿತ್ತು ಅಷ್ಟೆ. ತೆಗೆದ ಪಿನ್ ಮೇಲೂ ಬೆರಳು ಆಡಿಸಿ. ನಡುವೆ ಸವೆದು ಹಳ್ಳ ಬಿದ್ದಿದ್ದರೆ ಅದೂ ಸಿಕ್ಕಿಕೊಳ್ಳುತ್ತದೆ.

ಪೆಡಲ್ ಸಲೀಸಾಗಿದ್ದರೆ ತೊಂದರೆ ಮುಂದಿದೆ. ಕೇಬಲ್ ಇರುವ ಕಾರಾದರೆ ಕೆಲಸ ಸುಲಭ. ಎರಡೂ ತುದಿ ಬಿಚ್ಚಿ ಒಳಗಿನ ತಂತಿಯನ್ನು ಎಳೆದಾಡಿಸಿ. ಕರಕರ ಅಂದರೆ, ಎಳೆ ಬಿಟ್ಟಿದ್ದರೆ, ಹೊಸ ಕೇಬಲ್ ಹಾಕಿ. ಹಾಕುವಾಗ ಹಳೆಯದು ಹೋಗಿದ್ದ ದಾರಿಯಲ್ಲೇ ಹೋಗಲಿ, ಎಲ್ಲೂ ಮಡಚಿಕೊಳ್ಳಬಾರದು.

ಹೈಡ್ರಾಲಿಕ್, ಅಂದರೆ ದ್ರವದ ಒತ್ತಡದಿಂದ ಕೆಲಸ ಮಾಡುವ ಕ್ಲಚ್ ಆದರೆ ಸ್ವಲ್ಪ ತಾಳ್ಮೆ ಬೇಕು. ಪಿನ್ ಇನ್ನೂ ಹಾಕಬೇಡಿ. ಮಾಸ್ಟರ್ ಸಿಲಿಂಡರಿನ ಪುಶ್ ರಾಡನ್ನು ಒಳಗೆ ಒತ್ತಿ ಬಿಡಿ. ಒಳಗಿನ ಸ್ಪ್ರಿಂಗ್ ಅದನ್ನು ಚಟ್ಟನೆ ಹಿಂದಕ್ಕೆ ತಳ್ಳಬೇಕು. ಸೋಮಾರಿಯ ಹಾಗೆ ನಿಧಾನವಾಗಿ ಬಂದರೆ ರಬ್ಬರ್ ಸೀಲ್ ಉಬ್ಬಿದೆ, ಇಲ್ಲವೇ ಒಳಗೆ ತುಕ್ಕು ಹಿಡಿದಿದೆ. ಇಲ್ಲೊಂದು ಮಾತು. ಇದರೊಳಗಿನ ದ್ರವವನ್ನು ನಾವೆಲ್ಲ ಬ್ರೇಕ್ ಆಯಿಲ್ ಅಂತೀವಿ, ಆದರೆ ಡಬ್ಬಿ ಮೇಲೆ ಡಾಟ್ 3, ಡಾಟ್ 4 ಅಂತ ಬರೆದಿರುವ ಆ ದ್ರವ ನಿಜಕ್ಕೂ ಎಣ್ಣೆಯಲ್ಲ. ಹೆಸರು ನಂಬಿ ಯಾರಾದರೂ ಎಂಜಿನ್ ಆಯಿಲ್ ಸುರಿದಿದ್ದರೆ ಸೀಲ್‌ಗಳೆಲ್ಲ ಊದಿಕೊಂಡಿರುತ್ತವೆ. ಈ ಡಾಟ್ ದ್ರವ ಗಾಳಿಯ ತೇವವನ್ನೂ ಹೀರುತ್ತದೆ, ಒಳಗಿನ ತುಕ್ಕಿಗೆ ಅದೇ ಕಾರಣ. ಕಾರಿನಲ್ಲಿ ಈ ದ್ರವ ತುಂಬಿರುವ ಡಬ್ಬಿಯೊಳಗೆ ಕಾಫಿ ಬಣ್ಣ ಕಂಡರೆ ಬದಲಾಯಿಸಿ ವರ್ಷಗಳೇ ಆಗಿವೆ ಅಂತ ಅರ್ಥ.

ಮಾಸ್ಟರ್ ಸರಿ ಕಂಡರೆ ಪಿನ್ ಹಾಕಿ, ಸ್ಪ್ರಿಂಗ್ ಸಿಕ್ಕಿಸಿ, ಪೆಡಲ್ ತುಳಿಯಲು ಒಬ್ಬರನ್ನು ಸೀಟಿನಲ್ಲಿ ಕೂರಿಸಿ. ನೀವು ಕೆಳಗೆ ಸ್ಲೇವ್ ಸಿಲಿಂಡರಿನ (ಮಾಸ್ಟರ್ ಕಳಿಸಿದ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ರಾಡ್ ನೋಡುತ್ತಿರಿ. ಅವರು ಒತ್ತಿದಾಗ ಅದು ಹೊರಗೆ ಬರಬೇಕು, ಬಿಟ್ಟಾಗ ಜೊತೆಗೇ ಒಳಗೆ ಹೋಗಬೇಕು. ರಾಡ್ ಅರ್ಧಂಬರ್ಧ ಬಂದು, ಪೆಡಲನ್ನು ಎರಡು ಮೂರು ಸಲ ತುಳಿದ ಮೇಲೆ ಸರಿಹೋದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಎಲ್ಲೋ ಸೋರುತ್ತಿದೆ. ಪೆಡಲ್ ಮೇಲೆ ಬಂದರೂ ರಾಡ್ ಹೊರಗೇ ನಿಂತರೆ ಸ್ಲೇವ್ ಮೇಲಿನ ಬ್ಲೀಡ್ ಸ್ಕ್ರೂ (ಒಳಗಿನ ಗಾಳಿ, ದ್ರವ ಹೊರಬಿಡುವ ಸ್ಕ್ರೂ) ಸ್ವಲ್ಪ ಸಡಿಲಿಸಿ. ಕಣ್ಣಿಗೆ ಕನ್ನಡಕ ಇರಲಿ, ಕೆಳಗೆ ಬಟ್ಟೆ ಇರಲಿ. ದ್ರವ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಏಳುತ್ತದೆ.

ಸ್ಕ್ರೂ ಸಡಿಲಿಸಿದರೂ ರಾಡ್ ಅಲ್ಲಾಡದಿದ್ದರೆ ಸ್ಲೇವ್ ಪಿಸ್ಟನ್ ಹಿಡಿದುಕೊಂಡಿದೆ, ಇಲ್ಲವೇ ತೊಂದರೆ ಆ ರಾಡ್ ತಳ್ಳುವ ಫೋರ್ಕ್ (ಸನ್ನೆ), ಅದರ ತುದಿಯ ರಿಲೀಸ್ ಬೇರಿಂಗ್ ಕಡೆ ಇದೆ. ಚಟ್ಟನೆ ಒಳಗೆ ಹೋದರೆ ಮೇಲೆ ಎಲ್ಲೋ ಒತ್ತಡ ಸಿಕ್ಕಿಕೊಂಡಿತ್ತು. ಸ್ಕ್ರೂ ಬಿಗಿ ಮಾಡಿ, ಮತ್ತೆ ತುಳಿಸಿ. ಈ ಸಲ ಮಾಸ್ಟರ್ ಬಳಿಯ ಪೈಪ್ ನಟ್ಟನ್ನು ಸಡಿಲಿಸಿ. ರಾಡ್ ಒಳಗೆ ಹೋದರೆ ಮಾಸ್ಟರ್ ಒಳಗೆ ದ್ರವ ಡಬ್ಬಿಗೆ ವಾಪಸಾಗುವ ಸಣ್ಣ ತೂತು ಮುಚ್ಚಿದೆ. ಹೋಗದಿದ್ದರೆ ರಬ್ಬರ್ ಹೋಸ್ ಮೇಲೆ ಅನುಮಾನ ಪಡಿ. ಹೊರಗೆ ಚೆನ್ನಾಗೇ ಕಾಣುತ್ತದೆ, ಒಳಗೆ ಊದಿಕೊಂಡಿರುತ್ತದೆ. ಒತ್ತಿದಾಗ ದ್ರವ ಹೋಗುತ್ತದೆ, ವಾಪಸ್ ಬರಲು ಬಿಡುವುದಿಲ್ಲ.

ಸ್ಲೇವ್ ಬಿಚ್ಚಿ ಕೈಯಲ್ಲಿ ಹಿಡಿದಿರುವಾಗ ಮಾತ್ರ ಯಾರೂ ಪೆಡಲ್ ತುಳಿಯದಿರಲಿ. ಪಿಸ್ಟನ್ ಹಾರಿ ಹೊರಗೆ ಬರುತ್ತದೆ.

ತೊಂದರೆ ಬೇರಿಂಗ್ ಕಡೆ ಅಂತಾದರೆ ಗೇರ್‌ಬಾಕ್ಸ್ ಇಳಿಸಬೇಕು. ಅದು ಬೇರೆಯೇ ಕಥೆ. ಹಳೇ ಕ್ಲಚ್ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅಲ್ಲಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಲ್ಲ ಜೋಡಿಸಿದ ಮೇಲೆ ಪೆಡಲನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ. ಪುಶ್ ರಾಡ್ ಪಿಸ್ಟನ್‌ಗೆ ತಾಗುವ ಮುಂಚೆ ಚೂರು ಸಡಿಲ ಸಿಗಬೇಕು. ಎಷ್ಟು ಅಂತ ನಿಮ್ಮ ಕಾರಿನ ಮ್ಯಾನುಯಲ್ ಹೇಳುತ್ತದೆ. ಆ ಸಡಿಲ ಇಲ್ಲದಿದ್ದರೆ ಆ ಸಣ್ಣ ತೂತು ಸದಾ ಮುಚ್ಚೇ ಇರುತ್ತದೆ, ಎಂಜಿನ್ ಬಿಸಿಯಾದಾಗ ದ್ರವ ಹಿಗ್ಗಿ ಕ್ಲಚ್ ತಾನಾಗಿಯೇ ಜಾರತೊಡಗುತ್ತದೆ. ಹೊಸ ಮಾಸ್ಟರ್ ಹಾಕಿದಾಗ ನಾನು ಇದನ್ನೂ ಮರೆತಿದ್ದೆ.