ಬಂದರಿನ ಸದ್ದಿನಿಂದ ಪಾಪ್ ಹಾಡು: ಇಬ್ಬರು ಸೇರಿ ಕಟ್ಟುವ ಬಗೆ

ಕಾರವಾರ, ಕುಮಟಾ, ಶಿರಸಿ ಕಡೆಯಲ್ಲಿ ಇಬ್ಬಿಬ್ಬರು ಸೇರಿ ಪ್ರಯೋಗದ ಪಾಪ್ ಮಾಡಲು ಕೂತವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಸದ್ದನ್ನು ಚೆನ್ನಾಗಿಯೇ ಹಿಡಿದಿರುತ್ತಾರೆ, ಕತ್ತರಿಸಿ ಲೂಪ್ (ಅದೇ ತುಂಡು ಮತ್ತೆ ಮತ್ತೆ ಸುತ್ತುವಂತೆ) ಮಾಡುವಾಗ ಕೆಡಿಸುತ್ತಾರೆ. ಅಮೆರಿಕದ ಮ್ಯಾಟ್ಮೋಸ್ ಜೋಡಿ 2016ರಲ್ಲಿ ಒಂದೇ ಒಂದು ವಾಷಿಂಗ್ ಮಷೀನಿನ ಸದ್ದುಗಳಿಂದ ಇಡೀ ಆಲ್ಬಮ್ ಕಟ್ಟಿತು. ಅಂಥ ಕೆಲಸದ ಜೀವ ಇರುವುದು ಕತ್ತರಿಯಲ್ಲಿ. ಅದಕ್ಕೇ ಇಲ್ಲಿ ಆ ಹಂತಕ್ಕೆ ಜಾಗ ಹೆಚ್ಚು.

ಮೊದಲು ಮಟ್ಟು. ವಾದ್ಯ, ಕಂಪ್ಯೂಟರ್ ಏನೂ ಬೇಡ. ಒಬ್ಬರು ಹಾಡಿ, ಇನ್ನೊಬ್ಬರು ಅಂಗೈ ತಟ್ಟಿ. ಅಷ್ಟರಲ್ಲಿ ಹಾಡು ನಿಂತರೆ ಮುಂದಿನ ಹಂತ. ನಿಲ್ಲದಿದ್ದರೆ ಎಷ್ಟು ವಿಚಿತ್ರ ಸದ್ದು ತುಂಬಿದರೂ ಅದು ಪಾಪ್ ಆಗುವುದಿಲ್ಲ.

ಆಮೇಲೆ ಸದ್ದು ಹಿಡಿಯುವುದು. ಕಾರವಾರದ ಬೈತಖೋಲ್ ಬಂದರಿಗೋ ಕುಮಟಾ ಕಡೆಯ ತದಡಿಗೋ ಬೆಳಿಗ್ಗೆ ಬೇಗ ಹೋಗಿ. ಹೊತ್ತೇರಿದಂತೆ ಕಡಲಗಾಳಿ ಬಲಿಯುತ್ತದೆ, ಮೈಕಿಗೆ ಅದು ಬರೀ ಗುಡುಗು. ಸ್ಪಂಜಿನ ಟೊಪ್ಪಿ ದಂಡೆಯಲ್ಲಿ ಸಾಲದು, ತುಪ್ಪಳದ ಕವಚವೇ ಬೇಕು. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಅತಿ ಜೋರಿನ ಏಟು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಿರಲಿ. ಸದ್ದಿನ ಮಟ್ಟವನ್ನು ತಾನೇ ಹೊಂದಿಸುವ ಆಟೋ ಲೆವೆಲ್ ಆಫ್ ಮಾಡಿ. ಅದು ಎರಡು ಏಟುಗಳ ನಡುವಿನ ಮೌನವನ್ನೂ ಎತ್ತಿ ಎತ್ತಿ ಕೊಡುತ್ತದೆ, ಮುಂದೆ ಲೂಪ್ ಏದುಸಿರು ಬಿಟ್ಟಂತೆ ಕೇಳುತ್ತದೆ. ಅರ್ಗಾದ ನೌಕಾನೆಲೆಯ ಆಸುಪಾಸಿನಲ್ಲಿ ರೆಕಾರ್ಡರ್ ಹೊರಗೆ ತೆಗೆಯಲೇಬೇಡಿ. ಗುಮಟೆ (ಮಣ್ಣಿನ ಮಡಕೆಗೆ ಚರ್ಮ ಬಿಗಿದ ವಾದ್ಯ) ಬಾರಿಸುವವರನ್ನೋ ಚಂಡೆಯವರನ್ನೋ ಹಿಡಿಯುವುದಾದರೆ ಮೊದಲು ಒಪ್ಪಿಗೆ, ಜೊತೆಗೆ ಸಂಭಾವನೆ, ಹಾಡಿನಲ್ಲಿ ಹೆಸರು. ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಒಂದು ಹಾಡಿಗೆ ಬೇಕಾದ ಏಟೆಲ್ಲ ಒಂದೇ ದಿನ ಮುಗಿಸಿ.

ಮೈಕಿನ ಬಗ್ಗೆ ಒಂದು ಮಾತು. ಸ್ಟುಡಿಯೋ ಕಿಟ್ ಎಂದು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಕಂಡೆನ್ಸರ್ ಮೈಕು ಕರಾವಳಿಗೆ ಬೇಡ. ತೇವ ಹೊಕ್ಕರೆ ಚಟಪಟ ಎನ್ನುತ್ತದೆ. ಹಾಡಲು ಡೈನಮಿಕ್ ಮೈಕು ಕೊಳ್ಳಿ. ಕಂಡೆನ್ಸರ್ ಈಗಾಗಲೇ ಇದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಈಗ ಕತ್ತರಿ. ಮೊದಲ ತಪ್ಪು, ಹಾಡಿನ ವೇಗ ಮೊದಲೇ ಗೊತ್ತುಮಾಡಿ ಸದ್ದನ್ನು ಅದಕ್ಕೆ ಎಳೆಯುವುದು. ಹೆಚ್ಚು ಎಳೆದರೆ ಏಟಿನ ಮೊನೆ ಮೊಂಡಾಗುತ್ತದೆ. ವೇಗವನ್ನು ಸದ್ದಿನಿಂದಲೇ ತೆಗೆಯಿರಿ. ದೋಣಿ ಬಡಗಿಯ ಸುತ್ತಿಗೆ 10 ಸೆಕೆಂಡಿನಲ್ಲಿ 16 ಏಟು ಬಿದ್ದರೆ ನಿಮಿಷಕ್ಕೆ 96. ಅಂದರೆ ಒಂದು ಏಟಿಗೆ 0.625 ಸೆಕೆಂಡು, ನಾಲ್ಕಕ್ಕೆ 2.5. ಯಕ್ಷಗಾನದ ತ್ರಿವುಡೆಯ ನಡೆ ಬೇಕೆಂದರೆ 7 ಎಣಿಕೆಗೆ 4.375 ಸೆಕೆಂಡು. ಸದ್ದು ಜೋಡಿಸುವ ತಂತ್ರಾಂಶದ ಎಣಿಕೆಯ ಗೆರೆಗಳು ತಾವಾಗಿ ನಾಲ್ಕರಲ್ಲೇ ಇರುತ್ತವೆ, ಏಳಕ್ಕೆ ಬದಲಿಸುವುದು ಮರೆಯಬೇಡಿ. ಮರೆತವರು ಮೂರನೇ ಸುತ್ತಿನಲ್ಲಿ ತಾಳವನ್ನೇ ಅನುಮಾನಿಸಲು ಶುರುಮಾಡುತ್ತಾರೆ.

ಎರಡನೆಯದು ಕೊಯ್ದಲ್ಲಿ ಬರುವ ಟಿಕ್ ಸದ್ದು. ಅಲೆಗೆರೆ (ತಂತ್ರಾಂಶದಲ್ಲಿ ಸದ್ದು ಕಾಣುವ ಗೆರೆ) ಸೊನ್ನೆಯಲ್ಲಿ ಇಲ್ಲದ ಜಾಗದಲ್ಲಿ ಕೊಯ್ದರೆ ಸ್ಪೀಕರ್ ಒಮ್ಮೆಲೇ ಜಿಗಿಯುತ್ತದೆ, ಅದೇ ಟಿಕ್. ಗೆರೆ ಸೊನ್ನೆ ದಾಟುವಲ್ಲಿ ಕೊಯ್ಯಿರಿ, ಶುರುವಿಗೆ 2 ಮಿಲಿಸೆಕೆಂಡು, ಕೊನೆಗೆ 10ರಿಂದ 20 ಮಿಲಿಸೆಕೆಂಡು ಫೇಡ್ (ಸದ್ದು ಮೆಲ್ಲಗೆ ಏರುವ, ಇಳಿಯುವ ಹಾಗೆ) ಕೊಡಿ.

ಸಮುದ್ರದ ಮೊರೆತಕ್ಕೆ ಈ ಉಪಾಯ ಸಾಲದು, ಏಕೆಂದರೆ ಪ್ರತಿ ಸುತ್ತಿಗೂ ಬೆಸುಗೆ ಕೇಳುತ್ತದೆ. 20 ಸೆಕೆಂಡಿನ ತುಂಡನ್ನು ನಡುವೆ ಕೊಯ್ದು ಎರಡು ಅರ್ಧಗಳನ್ನು ಅದಲುಬದಲು ಮಾಡಿ. ಈಗ ತುಂಡಿನ ಎರಡೂ ತುದಿ ಮೂಲದಲ್ಲಿ ಅಕ್ಕಪಕ್ಕ ಇದ್ದವೇ, ಹಾಗಾಗಿ ಸುತ್ತು ಸಲೀಸು. ಬೆಸುಗೆ ನಡುವಿಗೆ ಬಂದಿದೆ. ಅಲ್ಲಿ ಎರಡು ಸೆಕೆಂಡು ಒಂದರ ಮೇಲೊಂದು ಹಾಯಿಸಿ ಕ್ರಾಸ್‌ಫೇಡ್ ಮಾಡಿ. ಈಕ್ವಲ್ ಪವರ್ ಬಗೆಯನ್ನೇ ಆರಿಸಿ, ಲೀನಿಯರ್ ಆದರೆ ನಡುವೆ 3 ಡೆಸಿಬೆಲ್ ಕುಸಿದು ಕಡಲು ಒಂದು ಕ್ಷಣ ಹಿಂದೆ ಸರಿದ ಹಾಗಾಗುತ್ತದೆ. ದೊಡ್ಡ ಅಲೆ ಒಡೆಯುವ ಜಾಗವನ್ನು ತುಂಡಿನೊಳಗೆ ಬಿಡಬೇಡಿ. ಅದೇ ಅಲೆ ನಾಲ್ಕನೇ ಸಲ ಬಂದಾಗ ಕಿವಿ ಗುರುತು ಹಿಡಿಯುತ್ತದೆ.

ಒಂದೇ ಒತ್ತಿಗೆ ಗದ್ದಲ ತೆಗೆಯುವ ಆ್ಯಪ್‌ಗಳನ್ನು ದೂರ ಇಡಿ. ಅವಕ್ಕೆ ಸಮುದ್ರವೇ ಗದ್ದಲ. 80 ಹರ್ಟ್ಸ್ ಕೆಳಗಿನದನ್ನು ಫಿಲ್ಟರಿನಿಂದ ಕತ್ತರಿಸಿದರೆ ಗಾಳಿಯ ಗುಡುಗು ಬಹುಪಾಲು ಹೋಗುತ್ತದೆ. ರೆಕಾರ್ಡಿಂಗಿನಲ್ಲೇ ಒಡೆದ ಸದ್ದಿಗೆ ಮದ್ದಿಲ್ಲ, ಬಿಸಾಕಿ.

ಒಬ್ಬರು ಕಾರವಾರದಲ್ಲಿ, ಇನ್ನೊಬ್ಬರು ಶಿರಸಿಯಲ್ಲಿ ಇದ್ದರೆ ಪ್ರತಿ ಟ್ರ್ಯಾಕನ್ನೂ (ಸದ್ದಿನ ಒಂದೊಂದು ಪದರ) ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಎಕ್ಸ್‌ಪೋರ್ಟ್ ಮಾಡಿ ಕಳಿಸಿ, ನಡುವಿನಿಂದಲ್ಲ. ವಾಟ್ಸ್ಆ್ಯಪಿನಲ್ಲಾದರೆ ಡಾಕ್ಯುಮೆಂಟ್ ಆಗಿಯೇ. ಇಬ್ಬರದೂ 48 ಕಿಲೋಹರ್ಟ್ಸ್ ಇರಲಿ: ತಂತ್ರಾಂಶ ತಾನಾಗಿ ಹೊಂದಿಸದಿದ್ದರೆ 44.1ರ ಫೈಲು ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರಿ ಓಡುತ್ತದೆ. ಕೆಲಸದ ನಿಯಮವನ್ನೂ ಮೊದಲೇ ಮಾತಾಡಿಕೊಳ್ಳಿ. ಫೈಲು ಕೈಗೆ ಬಂದವರು ಮೊದಲು ಒಂದು ಸದ್ದು ಅಳಿಸಬೇಕು, ಆಮೇಲೆ ಒಂದು ಸೇರಿಸಬಹುದು. ಇದಿಲ್ಲದಿದ್ದರೆ ಟ್ರ್ಯಾಕುಗಳು 60 ದಾಟಿ ಹಾಡು ಉಸಿರು ಕಟ್ಟುತ್ತದೆ. ಹಕ್ಕಿನ ಪಾಲು ಅರ್ಧರ್ಧ ಎಂಬುದನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಬಿಡುಗಡೆಗೆ ಮುಂಚೆಯೇ.

ದನಿ ಕೊನೆಗೆ. ಹಾಡುವಾಗ ವೈರಿನ ಹೆಡ್‌ಫೋನೇ ಇರಲಿ. ಬ್ಲೂಟೂತ್ ತಡವಾಗಿ ಕೇಳಿಸಿ ತಾಳ ತಪ್ಪಿಸುತ್ತದೆ.

ಮಿಕ್ಸ್ ಮುಗಿದ ಮೇಲೆ ಫೋನಿನ ಸ್ಪೀಕರಿನಲ್ಲಿ ಕೇಳಿ. ಗುಮಟೆಯ ಬುಡದ ಗುಂಯ್ ಅಲ್ಲಿ ಪೂರ್ತಿ ಮಾಯವಾಗಿರುತ್ತದೆ. ವಾಲ್ಯೂಮ್ ಏರಿಸಬೇಡಿ, ಅದೇ ಏಟಿಗೆ ತುಸು ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒಡೆಸುವ ಎಫೆಕ್ಟ್) ಬೆರೆಸಿದರೆ ಮೇಲಿನ ಸ್ವರಾಂಶ ಹುಟ್ಟಿ ಸಣ್ಣ ಸ್ಪೀಕರಿನಲ್ಲೂ ಏಟು ಕೇಳುತ್ತದೆ. ಫೈನಲ್ ಫೈಲು ಮೈನಸ್ 1 ಡೆಸಿಬೆಲ್ ಮೀರದಂತೆ ತೆಗೆಯಿರಿ.